ಮಿದುಳಿನ ಗಾಯಕ್ಕೆ ಅವಸರ ಸಲ್ಲದು

ಮೊದಲನೆಯ ಮಹಾಯುದ್ಧದಲ್ಲಿ ಕಂದಕದೊಳಗೆ ನಿಂತ ಸೈನಿಕನ ಮೈಗೆ ಮಣ್ಣಿನ ಮರೆಯಿತ್ತು. ತಲೆ ಎತ್ತಿದರೆ ಅಪಾಯ. 1915ರಿಂದ ಉಕ್ಕಿನ ಹೆಲ್ಮೆಟ್ ಬಂದರೂ ಮಿದುಳಿಗೆ ಗಾಯವಾದವರಲ್ಲಿ ಬಹಳ ಮಂದಿ ಉಳಿಯುತ್ತಿರಲಿಲ್ಲ. ಅನೇಕರನ್ನು ಕೊಂದದ್ದು ಗುಂಡಲ್ಲ, ಕೀವು. ಸಿಡಿಗುಂಡಿನ ಚೂರಿನೊಂದಿಗೆ ಮೂಳೆಯ ಚಕ್ಕೆ, ಕೂದಲು, ಕೆಸರು ಎಲ್ಲವೂ ಒಳಸೇರುತ್ತಿದ್ದವು.

1917ರಲ್ಲಿ ಬೆಲ್ಜಿಯಂನ ಪ್ಯಾಶೆಂಡೇಲ್ ಕದನದ ವೇಳೆ ಅಮೆರಿಕದ ಶಸ್ತ್ರವೈದ್ಯ ಹಾರ್ವೆ ಕುಶಿಂಗ್ ಬ್ರಿಟಿಷರ ಡೇರೆ ಆಸ್ಪತ್ರೆಯೊಂದರಲ್ಲಿದ್ದರು. ಹೊರಗೆ ಗಾಯಾಳುಗಳ ಸಾಲು. ಆದರೂ ಕುಶಿಂಗ್ ಒಬ್ಬೊಬ್ಬರಿಗೂ ಗಂಟೆಗಟ್ಟಲೆ ಸಮಯ ಕೊಟ್ಟರು. ನೆತ್ತಿಗಷ್ಟೇ ಮರಗಟ್ಟುವ ಮದ್ದು ಚುಚ್ಚಿ, ಒಡೆದ ಮೂಳೆಯನ್ನು ಒಂದೇ ತುಂಡಾಗಿ ಎತ್ತುತ್ತಿದ್ದರು. ಗಾಯದೊಳಗೆ ಬೆರಳಾಡಿಸಿದರೆ ಒಳ್ಳೆಯ ಮಿದುಳೂ ಹಾಳು. ಅದಕ್ಕೆ ಮೆತ್ತನೆಯ ರಬ್ಬರ್ ನಳಿಕೆ ಇಳಿಸಿ ಕೊಳೆಯನ್ನು ಹೀರಿ ತೆಗೆದರು. ಉಕ್ಕಿನ ಚೂರುಗಳಿಗೆ ಅಯಸ್ಕಾಂತ ಹಿಡಿದರು. ಕೊನೆಗೆ ನೆತ್ತಿಯ ಚರ್ಮವನ್ನು ಪೂರ್ತಿ ಹೊಲಿದು ಮುಚ್ಚಿದರು.

ಮೂರು ತಿಂಗಳಲ್ಲಿ ಮಿದುಳಿಗೆ ಗಾಯವಾದ 133 ಮಂದಿಯ ವಿವರವನ್ನು ಅವರು 1918ರಲ್ಲಿ ಪ್ರಕಟಿಸಿದರು. ಮೊದಲ ತಿಂಗಳು ನೂರಕ್ಕೆ ಸುಮಾರು 55ರಷ್ಟಿದ್ದ ಸಾವು ಮೂರನೆಯ ತಿಂಗಳಲ್ಲಿ 29ಕ್ಕೆ ಇಳಿದಿತ್ತು. ಬದುಕಿದವರಲ್ಲಿ ಎಷ್ಟು ಮಂದಿಯ ಕೈಕಾಲು ಬಿದ್ದುಹೋಯಿತು, ಎಷ್ಟು ಮಂದಿಗೆ ಮೂರ್ಛೆರೋಗ ಅಂಟಿಕೊಂಡಿತು ಎಂಬುದು ಈ ಲೆಕ್ಕದಲ್ಲಿಲ್ಲ ಎನ್ನುವುದನ್ನೂ ಮರೆಯಬಾರದು.

ಕುಶಿಂಗರ ಶಿಷ್ಯ ಹ್ಯೂ ಕೇರ್ನ್ಸ್ ಎರಡನೆಯ ಮಹಾಯುದ್ಧದಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆಯನ್ನು ವಾಹನಗಳಲ್ಲಿ ರಣರಂಗದ ಸಮೀಪಕ್ಕೇ ಒಯ್ದರು. 1943ರಲ್ಲಿ ಉತ್ತರ ಆಫ್ರಿಕದಲ್ಲಿ ಗಾಯಗಳಿಗೆ ಪೆನಿಸಿಲಿನ್ ಪ್ರಯೋಗಿಸಿದರು. ಯುದ್ಧದ ಆರಂಭದಲ್ಲಿ ಗುಂಡು ತಗಲದೆಯೂ, ಮೋಟಾರ್ ಸೈಕಲ್‌ನಿಂದ ಬಿದ್ದೇ ಸತ್ತ ಸೈನಿಕರನ್ನು ಕಂಡವರೂ ಅವರೇ. ಅವರು ಒತ್ತಾಯಿಸಿದ ಮೇಲೆ 1941ರ ನವೆಂಬರಿನಲ್ಲಿ ಬ್ರಿಟಿಷ್ ಸೇನೆ ತನ್ನ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು.