ಸ್ಯಾಮ್ ಕುಕ್ ಅವರ ಒಂದು ಹಾಡು ಮತ್ತು ನಾವು
(ಕನ್ನಡ ಕೂಟದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಕನ್ನಡ ಕೂಟದ ವೇದಿಕೆಯಿಂದ ಆಫ್ರಿಕನ್ ಅಮೆರಿಕನ್ನರ ಹಾಡೊಂದನ್ನು ಕುರಿತು ಮಾತನಾಡುವುದು ಕೆಲವರಿಗೆ ಅಪ್ರಸ್ತುತವೆಂದು ತೋರಬಹುದು. ಆದರೆ ಆ ಹಾಡು ಹುಟ್ಟಿದ ಕಾಲಕ್ಕೂ ನಾವು ಈ ನೆಲಕ್ಕೆ ಬಂದ ಬಗೆಗೂ ನೇರವಾದ ನಂಟಿದೆ. ಅದನ್ನು ತೋರಿಸುವುದೇ ಈ ಉಪನ್ಯಾಸದ ಉದ್ದೇಶ. ಹಾಡಿನ ಹೆಸರು 'ಎ ಚೇಂಜ್ ಈಸ್ ಗೊನ್ನ ಕಮ್'. ಬದಲಾವಣೆಯೊಂದು ಬಂದೇ ಬರುತ್ತದೆ ಎಂಬುದು ಅದರ ಅರ್ಥ. ರಚಿಸಿ ಹಾಡಿದವರು ಸ್ಯಾಮ್ ಕುಕ್.

ಸೋಲ್ ಸಂಗೀತವೆಂಬುದು ಎರಡು ಹೊಳೆಗಳ ಸಂಗಮ. ಒಂದು, ಆಫ್ರಿಕನ್ ಅಮೆರಿಕನ್ನರ ಚರ್ಚುಗಳ ಗಾಸ್ಪೆಲ್ ಭಜನೆ. ಇನ್ನೊಂದು, ಪೇಟೆಯ ಮನರಂಜನಾ ಕೇಂದ್ರಗಳಲ್ಲಿ ಬೆಳೆದ ರಿದಮ್ ಅಂಡ್ ಬ್ಲೂಸ್. ದೇವರನ್ನು ಕೂಗಿ ಕರೆಯುತ್ತಿದ್ದ ಕಂಠ ಮನುಷ್ಯನ ಒಲವನ್ನೂ ನೋವನ್ನೂ ಅದೇ ತೀವ್ರತೆಯಿಂದ ಹಾಡತೊಡಗಿದಾಗ ಸೋಲ್ ಹುಟ್ಟಿತು. ಕುಕ್ ಅವರ ಬದುಕೇ ಇದಕ್ಕೆ ನಿದರ್ಶನ. 1931ರ ಜನವರಿ 22ರಂದು ಮಿಸಿಸಿಪಿಯ ಕ್ಲಾರ್ಕ್ಸ್‌ಡೇಲ್‌ನಲ್ಲಿ ಪಾದ್ರಿಯೊಬ್ಬರ ಮಗನಾಗಿ ಜನಿಸಿ, ಶಿಕಾಗೋದಲ್ಲಿ ಬೆಳೆದ ಅವರು, ಇಪ್ಪತ್ತರ ಹರೆಯದಲ್ಲಿ 'ಸೋಲ್ ಸ್ಟಿರರ್ಸ್' ಎಂಬ ಪ್ರಖ್ಯಾತ ಗಾಸ್ಪೆಲ್ ತಂಡದ ಮುಖ್ಯ ಗಾಯಕರಾದರು. 1957ರಲ್ಲಿ 'ಯು ಸೆಂಡ್ ಮಿ' ಎಂಬ ಪ್ರೇಮಗೀತೆ ದೇಶದ ಪಟ್ಟಿಗಳಲ್ಲಿ ಮೊದಲ ಸ್ಥಾನಕ್ಕೇರಿ, ಅವರು ಕಪ್ಪು ಬಿಳಿಯರೆನ್ನದೆ ಎಲ್ಲ ಕೇಳುಗರ ಪ್ರೀತಿಗೆ ಪಾತ್ರರಾದರು. ಸ್ವಂತ ಧ್ವನಿಮುದ್ರಣ ಸಂಸ್ಥೆಯನ್ನು ಕಟ್ಟಿದರು. ಅಂದಿನ ಕಪ್ಪು ಕಲಾವಿದರಿಗೆ ಇದು ಅಪರೂಪದ ಸಾಧನೆ.

ಆದರೆ ಕೀರ್ತಿಯಾಗಲಿ ಹಣವಾಗಲಿ ಎಲ್ಲ ಬಾಗಿಲುಗಳನ್ನೂ ತೆರೆಯಲಿಲ್ಲ. 1963ರ ಅಕ್ಟೋಬರ್ 8ರಂದು ಲೂಯಿಸಿಯಾನಾದ ಶ್ರೀವ್‌ಪೋರ್ಟ್‌ನಲ್ಲಿ, ಮೊದಲೇ ಕೊಠಡಿ ಕಾದಿರಿಸಿದ್ದ ಹೋಟೆಲೊಂದು ಕುಕ್ ದಂಪತಿಗಳನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಪ್ರತಿಭಟಿಸಿದ್ದಕ್ಕಾಗಿ, ಶಾಂತಿಭಂಗದ ಆರೋಪದ ಮೇಲೆ ಪೊಲೀಸರು ಅವರನ್ನು ಬಂಧಿಸಿದರು. ಅದೇ ಬೇಸಿಗೆಯಲ್ಲಿ ಅವರು ತಮ್ಮ ಹಸುಳೆ ಮಗನನ್ನು ನೀರಿನ ಅವಘಡದಲ್ಲಿ ಕಳೆದುಕೊಂಡಿದ್ದರು. ಇನ್ನೊಂದು ಕಡೆ, ಬಾಬ್ ಡಿಲನ್ ಎಂಬ ಬಿಳಿಯ ತರುಣ ಬರೆದ 'ಬ್ಲೋಯಿಂಗ್ ಇನ್ ದಿ ವಿಂಡ್' ಅವರನ್ನು ಆಳವಾಗಿ ತಟ್ಟಿತ್ತು. ನಮ್ಮ ಜನರ ಬವಣೆಯನ್ನು ಕುರಿತ ಇಂಥ ಹಾಡು ನಮ್ಮವರ ಕಂಠದಿಂದಲೇ ಬರಬೇಕಿತ್ತಲ್ಲವೇ ಎಂಬ ಕೊರಗು ಅವರನ್ನು ಕಾಡಿತು. ಈ ಎಲ್ಲ ಸಂಕಟಗಳು ಮಾಗಿ ಹಾಡಾದವು. 1964ರ ಜನವರಿ 30ರಂದು ಹಾಲಿವುಡ್‌ನಲ್ಲಿ ಅದರ ಧ್ವನಿಮುದ್ರಣವಾಯಿತು.

ವಾದ್ಯಸಂಯೋಜನೆ ರೆನೆ ಹಾಲ್ ಅವರದು. ತಂತಿವಾದ್ಯಗಳು ಅಲೆಯಂತೆ ಏಳುತ್ತವೆ. ಹಿನ್ನೆಲೆಯಲ್ಲಿ ಫ್ರೆಂಚ್ ಹಾರ್ನ್ ದೂರದ ಕರೆಯಂತೆ ಮೊಳಗುತ್ತದೆ. ಟಿಂಪನಿ ಎಂಬ ದೊಡ್ಡ ಭೇರಿ ಗಂಭೀರವಾಗಿ ಗುಡುಗುತ್ತದೆ. ನದಿಯ ದಂಡೆಯ ಹುಟ್ಟಿನಿಂದ ಆರಂಭವಾಗುವ ಹಾಡು ಮೂರು ನಿಮಿಷ ಚಿಲ್ಲರೆಯಲ್ಲಿ ಒಂದು ಜನಾಂಗದ ಪಯಣವನ್ನೇ ಹೇಳಿ ಮುಗಿಸುತ್ತದೆ. ಪ್ರತಿ ಚರಣವೂ ಒಂದು ನೋವನ್ನು ಹೇಳಿ ಅದೇ ಪಲ್ಲವಿಗೆ ಮರಳುತ್ತದೆ. ಮಾತು ಅದೇ ಆದರೂ ಭಾವ ಅದೇ ಅಲ್ಲ. ಮೊದಲ ಬಾರಿ ಹಾರೈಕೆಯಂತೆ ಕೇಳಿದ್ದು ಕೊನೆಯ ಬಾರಿ ಪ್ರತಿಜ್ಞೆಯಂತೆ ಕೇಳುತ್ತದೆ. ನಮ್ಮ ಸಂಗೀತದಲ್ಲಿ ಗಾಯಕ ಒಂದೇ ಸ್ವರದ ಮೇಲೆ ನಿಂತು, ಅದನ್ನು ತೂಗಿ ಅಲುಗಿಸಿ ಭಾವವನ್ನು ಹೊರಗೆಳೆಯುವ ಪರಿಯನ್ನು ಬಲ್ಲವರಿಗೆ ಈ ಕಂಠದ ಬಾಗುಬಳುಕು ಅಪರಿಚಿತವೆನಿಸದು.

ಈ ಹಾಡಿನ ಶಕ್ತಿಯ ಗುಟ್ಟೇನು? ವೈದ್ಯರಾದ ನಮಗೆ ತೋರುವುದಿಷ್ಟು. ರೋಗವೇ ಇಲ್ಲವೆಂದು ಹೇಳಿ ರೋಗಿಯನ್ನು ಸಮಾಧಾನಪಡಿಸುವ ಮಾತು ಬಹುಕಾಲ ಉಳಿಯದು. ನೋವನ್ನು ಇದ್ದಂತೆ ಒಪ್ಪಿಕೊಂಡು, ಅನಂತರ ಭರವಸೆ ಕೊಡುವವನ ಮಾತನ್ನೇ ಹಾಸಿಗೆಯಲ್ಲಿ ಮಲಗಿದವನು ನಂಬುತ್ತಾನೆ. ಕುಕ್ ದಣಿವನ್ನೂ ಸಾವಿನ ಭಯವನ್ನೂ ಮುಚ್ಚಿಡುವುದಿಲ್ಲ. ಆದ್ದರಿಂದಲೇ ಅವರ ಭರವಸೆ ಹುಸಿಯೆನಿಸುವುದಿಲ್ಲ.

1964ರ ಫೆಬ್ರವರಿ 7ರಂದು ಅವರು ಜಾನಿ ಕಾರ್ಸನ್ ಅವರ ದೂರದರ್ಶನ ಕಾರ್ಯಕ್ರಮದಲ್ಲಿ ಇದನ್ನು ಹಾಡಿದರು. ಅದರ ಮುದ್ರಿಕೆ ಉಳಿದಿಲ್ಲ. ಬೀಟಲ್ಸ್ ತಂಡ ನ್ಯೂಯಾರ್ಕಿಗೆ ಬಂದಿಳಿದದ್ದೂ ಅದೇ ದಿನ, ದೇಶದ ಕಣ್ಣೆಲ್ಲ ಅತ್ತ ಹೊರಳಿತು. ಡಿಸೆಂಬರ್ 11ರಂದು ಲಾಸ್ ಏಂಜಲೀಸ್‌ನ ಮೋಟೆಲೊಂದರಲ್ಲಿ ಗುಂಡೇಟಿಗೆ ಸಿಕ್ಕಿ ಕುಕ್ ತೀರಿಕೊಂಡಾಗ ಅವರಿಗೆ ಕೇವಲ 33 ವರ್ಷ. ಹಾಡು ಬಿಡಿ ತಟ್ಟೆಯಾಗಿ ಹೊರಬಂದದ್ದು ಅವರ ಮರಣಾನಂತರ, ಅದೂ ಇನ್ನೊಂದು ಹಾಡಿನ ಬೆನ್ನಿಗೆ, ವರ್ಣಭೇದವನ್ನು ನೇರವಾಗಿ ಮುಟ್ಟುವ ಚರಣವನ್ನು ಕತ್ತರಿಸಿ. ಆದರೂ ಅದು ನಾಗರಿಕ ಹಕ್ಕುಗಳ ಹೋರಾಟದ ಗೀತೆಯಾಯಿತು. ಓಟಿಸ್ ರೆಡಿಂಗ್, ಅರೀತಾ ಫ್ರಾಂಕ್ಲಿನ್ ಅವರಂಥವರು ಅದನ್ನು ತಮ್ಮದಾಗಿಸಿಕೊಂಡು ಹಾಡಿದರು. 2019ರಲ್ಲಿ ಶ್ರೀವ್‌ಪೋರ್ಟ್ ನಗರದ ಮೇಯರ್ ಕುಕ್ ಕುಟುಂಬದ ಕ್ಷಮೆ ಕೇಳಿದರು.

ಇನ್ನು ನಮ್ಮ ನಂಟಿನ ಮಾತು. ಶ್ರೀವ್‌ಪೋರ್ಟ್‌ನ ಘಟನೆ ನಡೆದು ತಿಂಗಳು ತುಂಬುವ ಮೊದಲೇ, 1963ರ ನವೆಂಬರ್ 1ರಂದು, ನಾರ್ತ್ ಕೆರೊಲಿನಾದ ಗ್ರೀನ್ಸ್‌ಬರೊದ ಕಪ್ಪು ವೈದ್ಯರೂ ದಂತವೈದ್ಯರೂ ರೋಗಿಗಳೂ ಹೂಡಿದ್ದ ಮೊಕದ್ದಮೆಯಲ್ಲಿ ಮೇಲ್ಮನವಿ ನ್ಯಾಯಾಲಯವು, ಸರ್ಕಾರದ ಹಣ ಪಡೆದ ಆಸ್ಪತ್ರೆಗಳು ವರ್ಣಭೇದ ಮಾಡಕೂಡದೆಂದು ತೀರ್ಪಿತ್ತಿತು. 1964ರ ಜುಲೈ 2ರಂದು ನಾಗರಿಕ ಹಕ್ಕುಗಳ ಕಾಯಿದೆ ಬಂದಿತು. 1966ರಲ್ಲಿ ಮೆಡಿಕೇರ್ ಜಾರಿಯಾದಾಗ, ಭೇದ ಮಾಡುವ ಆಸ್ಪತ್ರೆಗಳಿಗೆ ಹಣವಿಲ್ಲವೆಂಬ ನಿಯಮ ದಕ್ಷಿಣದ ವಾರ್ಡುಗಳ ನಡುವಣ ಗೋಡೆಗಳನ್ನು ಕೆಡವಿತು.

ಅದೇ ಹೋರಾಟದ ನೈತಿಕ ಒತ್ತಡದಲ್ಲಿ, 1965ರ ಅಕ್ಟೋಬರ್ 3ರಂದು ಅಧ್ಯಕ್ಷ ಜಾನ್ಸನ್ ವಲಸೆ ಕಾಯಿದೆಗೆ ಸಹಿ ಹಾಕಿದರು. ಹುಟ್ಟಿದ ದೇಶವನ್ನು ನೋಡಿ ಪಾಲು ಹಂಚುವ ಹಳೆಯ ಪದ್ಧತಿ ರದ್ದಾಯಿತು. 1946ರಿಂದ ಅಲ್ಲಿಯವರೆಗೆ ಇಡೀ ಭಾರತಕ್ಕಿದ್ದ ವಾರ್ಷಿಕ ಪಾಲು ಕೇವಲ 100! ಎಂ.ಬಿ.ಬಿ.ಎಸ್. ಪದವಿ ಹಿಡಿದು ರೆಸಿಡೆನ್ಸಿಗೆಂದು ಬಂದ ನಮ್ಮಂಥವರಿಗೂ, ನಮಗಿಂತ ಮೊದಲು ಬಂದ ಹಿರಿಯರಿಗೂ ಇಲ್ಲಿ ನೆಲೆನಿಲ್ಲುವ ದಾರಿ ಸುಗಮವಾದದ್ದು ಆ ಕಾಯಿದೆಯಿಂದ.

"ನಾವು ಓದಿ, ದುಡಿದು ಮೇಲೆ ಬಂದವರು, ಅವರೇಕೆ ಬರಬಾರದು?" ಎಂಬ ಮಾತು ನಮ್ಮ ಹಬ್ಬದೂಟಗಳಲ್ಲಿ ಆಗಾಗ ಕೇಳಿಬರುತ್ತದೆ. ಪಕ್ಕದಲ್ಲಿ ಕುಳಿತ ಮಕ್ಕಳು ಅದನ್ನು ಕೇಳಿಸಿಕೊಳ್ಳುತ್ತಾರೆ. ನಮ್ಮ ಪರಿಶ್ರಮ ಸುಳ್ಳಲ್ಲ. ಆದರೆ ಪರಿಶ್ರಮ ಫಲಿಸಲು ಮೊದಲು ಬಾಗಿಲು ತೆರೆದಿರಬೇಕು. ಅದನ್ನು ತಳ್ಳಿ ತೆರೆದವರಲ್ಲಿ ಅನೇಕರು ಸೆರೆಮನೆ ಕಂಡರು, ಕೆಲವರು ಪ್ರಾಣವನ್ನೇ ತೆತ್ತರು. ಆ ಋಣವನ್ನು ಮಕ್ಕಳಿಗೆ ತಿಳಿಸದಿದ್ದರೆ ನಾವು ಅವರಿಗೆ ಕಲಿಸುವ ಚರಿತ್ರೆ ಅರ್ಧ ಮಾತ್ರವಾಗುತ್ತದೆ.

ಆದುದರಿಂದ ತಮ್ಮಲ್ಲಿ ನಮ್ಮ ವಿನಂತಿಯಿಷ್ಟೆ: ಒಂದು ಸಂಜೆ ಮನೆಮಂದಿಯೆಲ್ಲ ಕುಳಿತು ಈ ಹಾಡನ್ನು ಕೇಳಿ. ಅರ್ಥವನ್ನು ಬಹುಶಃ ಮಕ್ಕಳೇ ನಮಗೆ ಬಿಡಿಸಿ ಹೇಳಿಯಾರು. ಅದರ ಹಿಂದಿನ ಕಥೆಯನ್ನು ಮಾತ್ರ ನಾವು ಅವರಿಗೆ ಹೇಳೋಣ.