60 ವರ್ಷ, 24 ಆಲ್ಬಂ

ಮಾತುಕತೆಯ ಚಿತ್ರೀಕರಣ ಮುಗಿದು ಸ್ಟುಡಿಯೋದ ದೀಪಗಳನ್ನು ಒಂದೊಂದಾಗಿ ಆರಿಸುತ್ತಿದ್ದೆವು. ಪ್ರೇಕ್ಷಕರ ಸಾಲಿನಲ್ಲಿದ್ದ ಪದವಿ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಸಾರ್, ರೋಲಿಂಗ್ ಸ್ಟೋನ್ಸ್ ತಂಡ ನಮ್ಮ ತಾತನ ಕಾಲದಿಂದಲೂ ಹಾಡುತ್ತಿದೆ ಅಂದಿರಿ. ಹಾಗಾದರೆ ಅವರ ಆಲ್ಬಂಗಳು ಯಾಕೆ ಇಷ್ಟು ಕಡಿಮೆ? ಸೋಮಾರಿತನವೇ?" ಅಷ್ಟರಲ್ಲಿ ಕ್ಯಾಮೆರಾ ನಿಂತುಹೋಗಿತ್ತು. ಕಾರ್ಯಕ್ರಮದೊಳಗೆ ಸೇರದೆ ಉಳಿದ ಆ ಪ್ರಶ್ನೆಯನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

ನಾನು ವಿಜ್ಞಾನ ಓದಿದವನು. ಯಾವುದನ್ನೇ ಆಗಲಿ ಮೊದಲು ಎಣಿಸಿ ನೋಡುವ ಚಟ ಇನ್ನೂ ಬಿಟ್ಟಿಲ್ಲ. ಸ್ಟೋನ್ಸ್ ತಂಡ ಲಂಡನ್ನಿನಲ್ಲಿ ಹುಟ್ಟಿದ್ದು 1962ರಲ್ಲಿ. ಮೊದಲ ಆಲ್ಬಂ ಬಂದದ್ದು 1964ರಲ್ಲಿ. ಬ್ರಿಟನ್ನಿನ ಪಟ್ಟಿಯನ್ನು ಹಿಡಿದು ಲೆಕ್ಕ ಹಾಕಿದರೆ 1969ರ ಕೊನೆಯ ಹೊತ್ತಿಗೆ, ಅಂದರೆ ಕೇವಲ ಆರು ವರ್ಷಗಳಲ್ಲಿ, 8 ಆಲ್ಬಂಗಳು. ಎಪ್ಪತ್ತರ ದಶಕದಲ್ಲಿ 6. ಎಂಬತ್ತರ ದಶಕದಲ್ಲಿ 5. ತೊಂಬತ್ತರ ದಶಕದಲ್ಲಿ 2. ಆಮೇಲೆ 2005ರಲ್ಲಿ ಒಂದು, 2016ರಲ್ಲಿ ಒಂದು, 2023ರಲ್ಲಿ ಒಂದು. ಒಟ್ಟು 24. (ಅಮೆರಿಕದಲ್ಲಿ ಮೊದಮೊದಲು ಅವೇ ಹಾಡುಗಳನ್ನು ಬೇರೆ ಬೇರೆಯಾಗಿ ಜೋಡಿಸಿ ಹೆಚ್ಚು ತಟ್ಟೆಗಳನ್ನು ಮಾರಿದ್ದರಿಂದ ಅಲ್ಲಿನ ಲೆಕ್ಕ ಬೇರೆ.) ಈ ಅಂಕಿಗಳನ್ನು ಗ್ರಾಫ್ ಹಾಳೆಯ ಮೇಲೆ ಗುರುತಿಸಿದರೆ ವಿಕಿರಣ ವಸ್ತುವಿನ ಕ್ಷಯದ ರೇಖೆಯಂತೆಯೇ ಕಾಣುತ್ತದೆ. ಆದರೆ ಪರಮಾಣು ತನ್ನಷ್ಟಕ್ಕೆ ತಾನು ಕ್ಷಯಿಸುತ್ತದೆ. ಹಾಡುವವರ ವಿಷಯದಲ್ಲಿ ಕಾರಣವನ್ನು ಹೊರಗೆ ಹುಡುಕಬೇಕಾಗುತ್ತದೆ.

ಆಲ್ಬಂ ಎಂದರೆ ಏನೆಂಬುದನ್ನು ಮೊದಲು ನೋಡೋಣ. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ನಿಮಿಷಕ್ಕೆ ಮೂವತ್ತಮೂರು ಚಿಲ್ಲರೆ ಸುತ್ತು ತಿರುಗುವ, ಹನ್ನೆರಡು ಅಂಗುಲದ ಲಾಂಗ್ ಪ್ಲೇ ತಟ್ಟೆಯನ್ನು ಮಾರುಕಟ್ಟೆಗೆ ತಂದಿತು. ಒಂದೊಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಮೀರಿದ ಸಂಗೀತ ಹಿಡಿಯುತ್ತಿತ್ತು. ಅರವತ್ತರ ದಶಕದ ಆರಂಭದ ಯುವಕರ ತಂಡಗಳಿಗೆ ಈ ತಟ್ಟೆಯನ್ನು ತುಂಬಿಸುವುದು ದೊಡ್ಡ ಕೆಲಸವೇ ಆಗಿರಲಿಲ್ಲ. ಬೀಟಲ್ಸ್ ತಂಡ ತನ್ನ ಮೊದಲ ಆಲ್ಬಮ್ಮಿನ ಹದಿನಾಲ್ಕು ಹಾಡುಗಳಲ್ಲಿ ಹತ್ತನ್ನು 1963ರ ಫೆಬ್ರವರಿ 11ರಂದು ಒಂದೇ ದಿನದಲ್ಲಿ ಧ್ವನಿಮುದ್ರಿಸಿತು. ಆ ದಿನ ಜಾನ್ ಲೆನನ್‌ಗೆ ನೆಗಡಿ ಬೇರೆ. ಸ್ಟೋನ್ಸ್ ತಂಡದ ಮೊದಲ ಆಲ್ಬಂ ರೀಜೆಂಟ್ ಸೌಂಡ್ ಎಂಬ ಇಕ್ಕಟ್ಟಾದ ಸ್ಟುಡಿಯೋದಲ್ಲಿ ತಯಾರಾಯಿತು. ಅದರ ಹನ್ನೆರಡು ಹಾಡುಗಳಲ್ಲಿ ಹೆಚ್ಚಿನವು ಅಮೆರಿಕದ ಕರಿಯ ಸಂಗೀತಗಾರರಿಂದ ಕಲಿತವು, ಪ್ರತಿ ರಾತ್ರಿ ಕ್ಲಬ್ಬುಗಳಲ್ಲಿ ಹಾಡಿ ಹಾಡಿ ಬಾಯಿಪಾಠವಾಗಿದ್ದವು. ವೇದಿಕೆಯ ಮೇಲೆ ಮಾಡುತ್ತಿದ್ದುದನ್ನೇ ಮೈಕಿನ ಮುಂದೆ ಮಾಡಿದರು, ಅಷ್ಟೆ. ಮುಂದಿನ ತಟ್ಟೆ ಎಂದು ಬರಬೇಕು ಎಂಬುದನ್ನು ನಿರ್ಧರಿಸುತ್ತಿದ್ದವರು ಕಂಪನಿಯವರು. ದಿನಾಂಕ ಅವರ ಕೈಯಲ್ಲಿತ್ತು.

ಈ ಸ್ಥಿತಿ ಎರಡು ಕಡೆಯಿಂದ ಬದಲಾಯಿತು. ಮೊದಲನೆಯದು ಯಂತ್ರ. ಟೇಪಿನ ಅಗಲವನ್ನು ಉದ್ದುದ್ದ ಪಟ್ಟಿಗಳಾಗಿ ವಿಂಗಡಿಸಿ, ಒಂದೊಂದು ಪಟ್ಟಿಯ ಮೇಲೆ ಒಂದೊಂದು ವಾದ್ಯವನ್ನು ಬೇರೆ ಬೇರೆ ಸಮಯದಲ್ಲಿ ಮುದ್ರಿಸಿಕೊಳ್ಳಬಹುದು. ಈ ಪಟ್ಟಿಗೆ ಟ್ರ್ಯಾಕ್ ಎನ್ನುತ್ತಾರೆ. ಬೀಟಲ್ಸ್ ಒಂದೇ ದಿನದಲ್ಲಿ ಮುಗಿಸಿದಾಗ ಇದ್ದದ್ದು ಎರಡು ಟ್ರ್ಯಾಕ್. ಅದು ನಾಲ್ಕಾಯಿತು, ಎಂಟಾಯಿತು, ಹದಿನಾರಾಯಿತು, ಎಪ್ಪತ್ತರ ದಶಕದ ಮಧ್ಯಕ್ಕೆ ಇಪ್ಪತ್ನಾಲ್ಕಾಯಿತು. ಎರಡೇ ಟ್ರ್ಯಾಕ್ ಇದ್ದಾಗ ತಪ್ಪಾದರೆ ಎಲ್ಲರೂ ಮತ್ತೆ ಮೊದಲಿನಿಂದ ನುಡಿಸಬೇಕಿತ್ತು. ಬೇಗ ಒಪ್ಪಿಕೊಂಡು ಮುಂದೆ ಹೋಗುತ್ತಿದ್ದರು. ಇಪ್ಪತ್ನಾಲ್ಕು ಇದ್ದಾಗ ಗಿಟಾರನ್ನಷ್ಟೇ ಮತ್ತೊಮ್ಮೆ ನುಡಿಸಬಹುದು, ನಾಳೆ ಇನ್ನೊಮ್ಮೆ, ಬರುವ ತಿಂಗಳು ಮಗದೊಮ್ಮೆ. ಕೆಲಸ ಮುಗಿಯಿತು ಎಂದು ಹೇಳುವವರೇ ಇಲ್ಲ!

ಇದರ ತುತ್ತತುದಿಯ ಉದಾಹರಣೆ ಅಮೆರಿಕದ ಬಾಸ್ಟನ್ ಎಂಬ ತಂಡ. ಎಂಜಿನಿಯರಿಂಗ್ ಓದುತ್ತಿರುವವರು ಇದನ್ನು ಗಮನವಿಟ್ಟು ಓದಬೇಕು. ತಂಡದ ನಾಯಕ ಟಾಮ್ ಶೋಲ್ಜ್ ಎಂಐಟಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವನು. ಪೋಲರಾಯ್ಡ್ ಕ್ಯಾಮೆರಾ ಕಂಪನಿಯಲ್ಲಿ ಉದ್ಯೋಗ. ಸಂಬಳದ ಹಣದಿಂದ ಮನೆಯ ನೆಲಮಾಳಿಗೆಯಲ್ಲಿ ಸ್ವಂತ ಸ್ಟುಡಿಯೋ ಕಟ್ಟಿ, ಬಹುಪಾಲು ವಾದ್ಯಗಳನ್ನು ತಾನೇ ನುಡಿಸಿ, ಬ್ರಾಡ್ ಡೆಲ್ಪ್ ಎಂಬ ಗಾಯಕನ ಕೈಲಿ ಹಾಡಿಸಿ ಟೇಪುಗಳನ್ನು ತಯಾರಿಸಿದ. ಕಂಪನಿಯವರು ವೃತ್ತಿಪರ ಸ್ಟುಡಿಯೋದಲ್ಲೇ ಮುದ್ರಿಸಬೇಕೆಂದು ಹಟ ಹಿಡಿದಾಗ ಉಳಿದ ಸದಸ್ಯರು ಲಾಸ್ ಏಂಜಲೀಸಿಗೆ ಹೋಗಿ ಒಂದು ಹಾಡು ಮುದ್ರಿಸುತ್ತ ಕುಳಿತರು. ಶೋಲ್ಜ್ ನೆಲಮಾಳಿಗೆಯಲ್ಲೇ ತನ್ನ ಕೆಲಸ ಮುಂದುವರಿಸಿದ. 1976ರಲ್ಲಿ ಬಂದ ಆ ಮೊದಲ ಆಲ್ಬಂ ಅಮೆರಿಕವೊಂದರಲ್ಲೇ 1 ಕೋಟಿ 70 ಲಕ್ಷ ಪ್ರತಿಗಳ ಮನ್ನಣೆ ಪಡೆದಿದೆ.

ಒಪ್ಪಂದದ ಪ್ರಕಾರ ಅವರು ಆರು ವರ್ಷಗಳಲ್ಲಿ 10 ಆಲ್ಬಂ ಕೊಡಬೇಕಿತ್ತು. ಎರಡನೆಯದು 1978ರಲ್ಲಿ ಬಂತು. ಅವಸರಪಡಿಸಿ ಬಿಡುಗಡೆ ಮಾಡಿಸಿದರು ಎಂಬ ಕೊರಗು ಶೋಲ್ಜ್‌ಗೆ ಉಳಿಯಿತು. ಇನ್ನು ಮುಂದೆ ತನಗೆ ತೃಪ್ತಿಯಾಗುವ ತನಕ ಟೇಪು ಕೈಬಿಡುವುದಿಲ್ಲ ಎಂದು ಕುಳಿತ. ಕಂಪನಿ 1983ರಲ್ಲಿ ನ್ಯಾಯಾಲಯಕ್ಕೆ ಹೋಯಿತು. ಅವನೇನು ಕೈಕಟ್ಟಿ ಕೂತಿರಲಿಲ್ಲ. ಆ ವರ್ಷಗಳಲ್ಲೇ ರಾಕ್‌ಮನ್ ಎಂಬ ಅಂಗೈಗಿಂತ ಸ್ವಲ್ಪ ದೊಡ್ಡದಾದ ಗಿಟಾರ್ ಆಂಪ್ಲಿಫೈಯರನ್ನು ರೂಪಿಸಿ ಮಾರುತ್ತಿದ್ದ. ಮೂರನೆಯ ಆಲ್ಬಂ ಬೇರೆ ಕಂಪನಿಯಿಂದ 1986ರಲ್ಲಿ ಬಂದು ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಮೊಕದ್ದಮೆಯನ್ನೂ ಅವನೇ ಗೆದ್ದ. ಆಮೇಲೆ 1994, 2002, 2013. ಆರು ವರ್ಷಕ್ಕೆ ಹತ್ತು ಎಂದಿದ್ದದ್ದು 37 ವರ್ಷಕ್ಕೆ ಆರಾಯಿತು. ದಿನಾಂಕವನ್ನು ಕಂಪನಿಯ ಕೈಯಿಂದ ಕಿತ್ತುಕೊಂಡವನು ಗೆದ್ದನೇ? ನಾನು ಅವನ ಪಕ್ಷದವನೇ, ಆದರೂ ಈ ಪ್ರಶ್ನೆಗೆ ಹೌದು ಎನ್ನಲು ನಾಲಗೆ ತಡೆಯುತ್ತದೆ.

ಎರಡನೆಯದು ಹಣ. ಇಲ್ಲಿ ಮತ್ತೆ ಸ್ಟೋನ್ಸ್ ತಂಡಕ್ಕೆ ಬರೋಣ. 1970ರಲ್ಲಿ ಡೆಕ್ಕಾ ಕಂಪನಿಯ ಹಂಗು ತೀರಿ ಅವರು ತಮ್ಮದೇ ಲೇಬಲ್ ಆರಂಭಿಸಿದರು. ಆಗ ಆಲ್ಬಂ ಮಾರಾಟವೇ ಮುಖ್ಯ ಆದಾಯ, ಪ್ರವಾಸ ಅದಕ್ಕೆ ಜಾಹೀರಾತು. ನಿಧಾನವಾಗಿ ಇದು ತಲೆಕೆಳಗಾಯಿತು. 1981ರಲ್ಲಿ ಅಮೆರಿಕದ ಪ್ರವಾಸ ಗೊತ್ತಾಯಿತು, ಹೊಸ ಆಲ್ಬಂ ಇಲ್ಲ. ಹಳೆಯ ಟೇಪುಗಳ ರಾಶಿಯನ್ನು ಕೆದಕಿ, 1972ರಷ್ಟು ಹಿಂದಿನ ಅರೆಬರೆ ಹಾಡುಗಳನ್ನೂ ಎತ್ತಿ, ಮಾತು ಸೇರಿಸಿ ಟ್ಯಾಟೂ ಯೂ ಎಂಬ ಆಲ್ಬಂ ಮಾಡಿದರು. (ಅದು ಅವರ ಒಳ್ಳೆಯ ಆಲ್ಬಂಗಳಲ್ಲಿ ಒಂದಾದದ್ದು ಒಂದು ತಮಾಷೆ.) 1989ರ ಪ್ರವಾಸದಲ್ಲಿ ಟಿಕೆಟ್, ಪ್ರಾಯೋಜಕರು, ಬನಿಯನ್ನು, ಟಿವಿ ಹಕ್ಕು ಎಲ್ಲವನ್ನೂ ಒಬ್ಬನೇ ಸಂಘಟಕ ಒಟ್ಟಿಗೆ ಕೊಂಡ. 1999ರಲ್ಲಿ ನ್ಯಾಪ್‌ಸ್ಟರ್ ಬಂದು ಹಾಡುಗಳು ಕಂಪ್ಯೂಟರಿನಲ್ಲಿ ಬಿಟ್ಟಿಯಾಗಿ ಸಿಗತೊಡಗಿದವು. ಹಾಡುಗಾರರು ಧ್ವನಿಮುದ್ರಿಕೆಯಿಂದ ಒಳ್ಳೆಯ ಹಣ ಕಂಡದ್ದು 1970ರಿಂದ 1997ರ ತನಕದ ಅಲ್ಪಕಾಲದಲ್ಲಿ ಮಾತ್ರ ಎಂದು ಮಿಕ್ ಜಾಗರ್ 2010ರಲ್ಲಿ ಬಿಬಿಸಿಗೆ ಹೇಳಿದ್ದುಂಟು. ಅವನು ಅರ್ಥಶಾಸ್ತ್ರ ಓದಲು ಕಾಲೇಜು ಸೇರಿ ನಡುವೆ ಬಿಟ್ಟವನು, ಪಾಠ ಮರೆತಿರಲಿಲ್ಲ. ಅವನ ತಂಡದ 2005–07ರ ಪ್ರವಾಸ 55 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು, ಆ ಕಾಲಕ್ಕೆ ದಾಖಲೆ.

ಇದನ್ನು ನಾನು ಕಿವಿಯಾರೆ ಕೇಳಿದ್ದೇನೆ. 2003ರ ಏಪ್ರಿಲ್ 4ರಂದು ಸ್ಟೋನ್ಸ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಿದ್ದರು. ಟಿಕೆಟ್ ಕೊಳ್ಳುವ ಶಕ್ತಿ ಇಲ್ಲದ ನಾವು ಮೂವರು ಬಿಎಸ್ಸಿ ಗೆಳೆಯರು ಜಯಮಹಲ್ ರಸ್ತೆಯ ಬದಿ ಮಳೆಯಲ್ಲಿ ನೆನೆಯುತ್ತ ನಿಂತಿದ್ದೆವು. ತೇಲಿ ಬಂದ ಹಾಡುಗಳಲ್ಲಿ ನಾವು ಗುರುತಿಸಿದವೆಲ್ಲ ನಾವು ಹುಟ್ಟುವ ಮೊದಲಿನವು. ಆ ಪ್ರವಾಸಕ್ಕೆಂದು ಹೊರತಂದಿದ್ದ ಸಂಗ್ರಹದ ನಲವತ್ತು ಹಾಡುಗಳಲ್ಲಿ ಹೊಸವು ನಾಲ್ಕೇ. ನಮಗೇನೂ ಬೇಸರವಾಗಲಿಲ್ಲ. ಹೊಸ ಹಾಡು ಬಂದಿದ್ದರೆ ಚಹಾ ಕುಡಿಯಲು ಹೋಗುತ್ತಿದ್ದೆವೇನೋ! ಹಳೆಯ ಹಾಡು ಕೇಳಲು ಊರೆಲ್ಲ ಟಿಕೆಟ್ ಕೊಳ್ಳುವಾಗ ಹೊಸದನ್ನು ಮಾಡೆಂದು ಒತ್ತಾಯಿಸುವವರು ಯಾರು?

ಹೀಗೆ ದಿನಾಂಕ ಯಾರ ಕೈಯಲ್ಲೂ ಇಲ್ಲದಾಯಿತು. ಇದು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಪ್ರಸಾರದ ದಿನ ಗೊತ್ತಾದ ಕಾರ್ಯಕ್ರಮಗಳನ್ನೆಲ್ಲ ನಾನು ಹೇಗೋ ಮುಗಿಸಿದ್ದೇನೆ, ಕೆಲವನ್ನು ತಲೆತಗ್ಗಿಸಿಕೊಂಡೇ. ಪ್ರಸಾರದ ದಿನ ಗೊತ್ತಾಗದ ಒಂದು ಸಾಕ್ಷ್ಯಚಿತ್ರ, ಬಹಳ ಪ್ರೀತಿಯಿಂದ ಚಿತ್ರೀಕರಿಸಿದ್ದು, ಹನ್ನೊಂದು ವರ್ಷದಿಂದ ಕಪಾಟಿನಲ್ಲಿದೆ. ಅದರಲ್ಲಿ ಮಾತಾಡಿದ ಹಿರಿಯರಲ್ಲಿ ಇಬ್ಬರು ಈಗಿಲ್ಲ.

2005ರ ನಂತರ ಸ್ಟೋನ್ಸ್ ಸ್ವಂತ ಹಾಡುಗಳ ಆಲ್ಬಂ ತರಲು 18 ವರ್ಷ ಹಿಡಿಯಿತು. 2016ರಲ್ಲಿ ಬಂದದ್ದು ಪೂರ್ತಿ ಹಳೆಯ ಬ್ಲೂಸ್ ಹಾಡುಗಳು, ಮೂರೇ ದಿನಗಳಲ್ಲಿ ಮುದ್ರಿಸಿದವು. ಕೈ ನಿಂತಿರಲಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಸ್ವಂತ ಹಾಡುಗಳು ಮಾತ್ರ ಅರೆಬರೆಯಾಗಿ ಬಿದ್ದಿದ್ದವು. ಕೊನೆಗೆ ಜಾಗರ್ ತಾನೇ ಒಂದು ಗಡುವು ಹಾಕಿದ: 2023ರ ಫೆಬ್ರವರಿ 14ರೊಳಗೆ ಮುಗಿಯಬೇಕು. ಹ್ಯಾಕ್ನಿ ಡೈಮಂಡ್ಸ್ ಆ ವರ್ಷದ ಅಕ್ಟೋಬರಿನಲ್ಲಿ ಹೊರಬಂತು. ಅಷ್ಟರಲ್ಲಿ 1963ರಿಂದ ಅವರ ಬೆನ್ನಿಗಿದ್ದ ಡ್ರಮ್ ವಾದಕ ಚಾರ್ಲಿ ವಾಟ್ಸ್ ತೀರಿಕೊಂಡು ಎರಡು ವರ್ಷವಾಗಿತ್ತು. 2019ರಲ್ಲಿ ಮುದ್ರಿಸಿಟ್ಟಿದ್ದರಿಂದ ಹನ್ನೆರಡು ಹಾಡುಗಳಲ್ಲಿ ಎರಡರಲ್ಲಿ ಅವನ ಡ್ರಮ್ ಇದೆ. ಉಳಿದವುಗಳಲ್ಲಿ ಅವನಿಲ್ಲ.