ದರಕು ಗುಡಿಸುವ ಯಂತ್ರದ ಕಥೆ

ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂತೋಷದ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಿ ಎಂದು ಮಿತ್ರರು ಕೇಳಿದಾಗ, ವಿಷಯಕ್ಕಾಗಿ ನಾವು ಹೆಚ್ಚು ಹುಡುಕಬೇಕಾಗಲಿಲ್ಲ. ಕಳೆದ ಸರ್ವಸಾಧಾರಣ ಸಭೆಯಲ್ಲಿ ಬಹಳ ಹೊತ್ತು ಚರ್ಚೆಯಾಗಿ, ಕೊನೆಗೆ ತೀರ್ಮಾನವಾಗದೆ ಉಳಿದ ಒಂದು ವಿಷಯ ಇದೆ. ಸಂಘದ ವತಿಯಿಂದ ದರಕು ಒಟ್ಟುಮಾಡುವ ಯಂತ್ರ ಕೊಳ್ಳಬೇಕೋ ಬೇಡವೋ?

"ಕೊಳ್ಳಿ ಮಾರಾಯ್ರೆ, ದರಕು ಗುಡಿಸೋಕೆ ಆಳು ಎಲ್ಲಿ ಸಿಕ್ತಾರೆ?" ಎಂದರು ಕೆಲವರು. "ಹಿಂದೆ ತಂದ ಯಂತ್ರ ಏನಾಯ್ತು ಅಂತ ಮರೆತುಹೋಯ್ತಾ?" ಎಂದರು ಹಲವರು. ಇಬ್ಬರ ಮಾತೂ ಸುಳ್ಳಲ್ಲ. ಯಂತ್ರದ ಪೂರ್ವೇತಿಹಾಸ ತಿಳಿದರೆ ತೀರ್ಮಾನ ಸುಲಭವಾದೀತು ಎಂಬ ಆಸೆಯಿಂದ ಈ ನಾಲ್ಕು ಮಾತು ಬರೆಯುತ್ತಿದ್ದೇವೆ.

ಎಲೆ ಹೀರುವ ಗಾಡಿ ಹುಟ್ಟಿ ಬೆಳೆದದ್ದು ನಮ್ಮ ಬೆಟ್ಟದಲ್ಲಲ್ಲ, ಅಮೆರಿಕದ ಮನೆಯಂಗಳದಲ್ಲಿ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಲ್ಲಿ ಸೈನ್ಯದಿಂದ ಮರಳಿದವರಿಗೆ ಮನೆಗಳು ಬೇಕಾದವು. 1947ರಲ್ಲಿ ನ್ಯೂಯಾರ್ಕ್ ಹತ್ತಿರದ ಲಾಂಗ್ ಐಲೆಂಡಿನಲ್ಲಿ ಲೆವಿಟೌನ್ ಎಂಬ ಬಡಾವಣೆ ಶುರುವಾಯಿತು. ನಾಲ್ಕೈದು ವರ್ಷಗಳಲ್ಲಿ ಅಲ್ಲಿ 17 ಸಾವಿರಕ್ಕೂ ಹೆಚ್ಚು ಮನೆಗಳು ಎದ್ದವು. ಪ್ರತಿ ಮನೆಗೂ ಸುತ್ತ ಹುಲ್ಲಿನ ಅಂಗಳ. ಆ ಹುಲ್ಲನ್ನು ಕತ್ತರಿಸಿ ಒಪ್ಪವಾಗಿ ಇಡಬೇಕೆಂಬ ಕರಾರು ಬೇರೆ! ಇಂಥ ಬಡಾವಣೆಗಳು ದೇಶದ ತುಂಬ ಹಬ್ಬಿದವು. ಅಂಗಳ ದೊಡ್ಡದಾದ ಹಾಗೆ ಹುಲ್ಲು ಕತ್ತರಿಸಲು ಪುಟ್ಟ ಟ್ರ್ಯಾಕ್ಟರುಗಳು ಬಂದವು. 1961ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯ ಕಬ್ ಕೆಡೆಟ್, 1963ರಲ್ಲಿ ಜಾನ್ ಡಿಯರ್ ಕಂಪನಿಯ 110. ಎರಡೂ ಆರಂಭದಲ್ಲಿ ಬರೀ 7 ಅಶ್ವಶಕ್ತಿಯವು, ನಮ್ಮ ಪವರ್ ಟಿಲ್ಲರಿಗಿಂತ ಸಣ್ಣವು.

ಅಲ್ಲಿ ಎಲೆ ಉದುರುವುದು ಅಕ್ಟೋಬರ್, ನವೆಂಬರ್ ತಿಂಗಳಲ್ಲಿ. ಮೇಪಲ್, ಓಕ್ ಮರಗಳು ಕೆಲವೇ ವಾರಗಳಲ್ಲಿ ಬೋಳಾಗುತ್ತವೆ. ಆ ದರಕನ್ನು ಮೊದಲು ಅವರು ಹಲ್ಲುಗೋಲಿನಿಂದ ಎಳೆದು, ರಸ್ತೆ ಬದಿಯಲ್ಲಿ ಗುಡ್ಡೆ ಹಾಕಿ ಬೆಂಕಿ ಕೊಡುತ್ತಿದ್ದರು. 1970ರಲ್ಲಿ ಅಲ್ಲಿಯ ಕೇಂದ್ರ ಸರ್ಕಾರ ಕ್ಲೀನ್ ಏರ್ ಆ್ಯಕ್ಟ್ ಎಂಬ ಕಾನೂನನ್ನು ಬಲಪಡಿಸಿತು. ಹೊಗೆಯ ಬಗ್ಗೆ ಬಿಗಿ ಹೆಚ್ಚಿ, ಎಲೆ ಸುಡುವುದಕ್ಕೆ ಊರೂರಿನಲ್ಲಿ ಕಡಿವಾಣ ಬಿತ್ತು. ಆಮೇಲೆ ಎಲೆ ಚೀಲ ಸೇರಿ ಊರಿನ ಕಸದ ಗುಂಡಿಗೆ ಹೋಗತೊಡಗಿತು. ಗುಂಡಿಗಳೂ ತುಂಬಿದವು! ಇಲಿನಾಯ್ ರಾಜ್ಯ 1990ರಲ್ಲಿ, ವಿಸ್ಕಾನ್ಸಿನ್ ರಾಜ್ಯ 1993ರಲ್ಲಿ ಅಂಗಳದ ಹುಲ್ಲು, ಎಲೆಗಳನ್ನು ಕಸದ ಗುಂಡಿಗೆ ಹಾಕಬಾರದೆಂದು ಕಾನೂನು ಜಾರಿಗೆ ತಂದವು. ಬೇರೆ ಅನೇಕ ರಾಜ್ಯಗಳೂ ಅದೇ ದಾರಿ ಹಿಡಿದವು. ಸುಡುವ ಹಾಗಿಲ್ಲ, ಎಸೆಯುವ ಹಾಗಿಲ್ಲ. ಉಳಿದದ್ದು ಗೊಬ್ಬರ ಮಾಡುವುದೊಂದೇ ದಾರಿ. ನಮ್ಮ ಅಜ್ಜಂದಿರು ಯಾರ ಕಾನೂನೂ ಇಲ್ಲದೆ ಮಾಡುತ್ತಿದ್ದ ಕೆಲಸಕ್ಕೆ ಅವರು ಇಷ್ಟು ಸುತ್ತಿ ಬರಬೇಕಾಯಿತು.

ಟ್ರ್ಯಾಕ್ಟರಿನ ಹಿಂದೆ ಎಳೆಯುವ ಹೀರುಗಾಡಿಗೆ ಇದರಿಂದ ಒಳ್ಳೆಯ ಗಿರಾಕಿ ಕುದುರಿತು. ಅದರ ರಚನೆ ಕಷ್ಟದ್ದಲ್ಲ. ಹಿಂದೆ ಒಂದು ಪೆಟ್ಟಿಗೆಯ ಗಾಡಿ. ಅದರ ಮೂತಿಯಲ್ಲಿ ಸಣ್ಣ ಪೆಟ್ರೋಲ್ ಇಂಜಿನ್, ಇಂಜಿನ್ನಿಗೆ ಜೋಡಿಸಿದ ಕಬ್ಬಿಣದ ರೆಕ್ಕೆಚಕ್ರ. ಮುಂದಿನ ಹುಲ್ಲು ಕತ್ತರಿಸುವ ಯಂತ್ರದಿಂದ ರೆಕ್ಕೆಚಕ್ರದವರೆಗೆ ಆನೆಯ ಸೊಂಡಿಲಿನಂಥ ದಪ್ಪ ಪೈಪು. ಚಕ್ರ ತಿರುಗಿದಾಗ ಎಲೆ ಪೈಪಿನಲ್ಲಿ ಎಳೆದುಕೊಂಡು ಬಂದು, ರೆಕ್ಕೆಗೆ ಸಿಕ್ಕಿ ಚೂರಾಗಿ, ಪೆಟ್ಟಿಗೆಯೊಳಗೆ ಬೀಳುತ್ತದೆ. ಚೂರಾದ ಎಲೆಗೆ ಜಾಗ ಕಡಿಮೆ ಸಾಕು, ಕೊಳೆಯುವುದೂ ಬೇಗ.

ನಮ್ಮ ಸದಸ್ಯರೊಬ್ಬರ ಮಗ ಅಮೆರಿಕದಲ್ಲಿದ್ದಾರೆ, ಇಂಥ ಗಾಡಿ ಇಟ್ಟುಕೊಂಡಿದ್ದಾರೆ. ಕೊಂಡ ಮೊದಲ ವರ್ಷ ಫೋನಿನಲ್ಲಿ, "ಅಪ್ಪಯ್ಯಾ, ಒಂದು ದಿನದ ಕೆಲಸ ಒಂದು ತಾಸಿಗೆ ಮುಗೀತು" ಎಂದರಂತೆ. ಎರಡನೇ ವರ್ಷ ಸ್ವರ ಬೇರೆ. ಚಳಿಗಾಲದ ಮೊದಲು ಟ್ಯಾಂಕಿನ ಪೆಟ್ರೋಲ್ ತೆಗೆದಿರಲಿಲ್ಲ, ಅದು ಕಾರ್ಬುರೇಟರಿನೊಳಗೆ ಅಂಟಾಗಿ ಇಂಜಿನ್ ಏಳಲೇ ಇಲ್ಲ. ಪೈಪಿನೊಳಗೆ ಇಲಿ ಸಂಸಾರ ಹೂಡಿತ್ತು. ಒದ್ದೆ ಎಲೆ ಎಳೆಸಿದ್ದಕ್ಕೆ ಪೈಪು ಕಟ್ಟಿತು. ಕಲ್ಲು ಹೊಡೆದು ರೆಕ್ಕೆಯ ಅಂಚು ಹಾರಿತು. ಒಂದು ರೆಕ್ಕೆ ಸವೆದರೆ ಚಕ್ರದ ತೂಕ ತಪ್ಪಿ ಇಡೀ ಗಾಡಿ ನಡುಗುತ್ತದೆ, ಆಮೇಲೆ ಬೇರಿಂಗ್ ಹೋಗುತ್ತದೆ. ಕೊನೆಗೆ ಅವರು ಹೇಳಿದ್ದು ಇಷ್ಟು: "ಅಪ್ಪಯ್ಯಾ, ವರ್ಷಕ್ಕೆ ಆರು ವಾರ ಕೆಲಸ ಮಾಡೋ ಯಂತ್ರಾನ ನಲವತ್ತಾರು ವಾರ ಸುಮ್ನೆ ಸಾಕಬೇಕು." ಈ ಮಾತನ್ನು ಸಂಘದ ಗೋಡೆಯ ಮೇಲೆ ಬರೆಸಬೇಕು ಎಂದು ನಮಗನಿಸುತ್ತದೆ.

ಈಗ ನಮ್ಮ ಕಡೆಗೆ ಬರೋಣ. ಉತ್ತರ ಕನ್ನಡದ ಘಟ್ಟದ ಮೇಲಿನ ಅಡಿಕೆ ತೋಟಕ್ಕೆ ಬೆಟ್ಟವೇ ತಾಯಿ. ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟ ಎಂಬ ಲೆಕ್ಕ ಬ್ರಿಟಿಷರ ಕಾಲದಿಂದ ಬಂದದ್ದು. ಹಸಿಸೊಪ್ಪು, ದರಕು ಎರಡೂ ಅಲ್ಲಿಂದಲೇ. ದರಕು ಕೊಟ್ಟಿಗೆಯಲ್ಲಿ ದನದ ಕಾಲಡಿಗೆ ಬಿದ್ದು, ಗೊಬ್ಬರಗುಂಡಿ ಸೇರಿ, ತೋಟದಲ್ಲಿ ಮರದ ಬುಡಕ್ಕೆ ಹೋಗುತ್ತಿತ್ತು. ಅಮೆರಿಕದವರಿಗೆ ಎಲೆ ಕಳೆಯಬೇಕಾದ ಕಸ. ನಮಗೆ ಅದು ಆಸ್ತಿ. ಗಡಿ ದಾಟಿ ದರಕು ಗುಡಿಸಿದರು ಅಂತ ಅಣ್ಣತಮ್ಮಂದಿರು ಮಾತು ಬಿಟ್ಟದ್ದನ್ನು ನೋಡಿದವರು ನಮ್ಮಲ್ಲಿ ಇನ್ನೂ ಇದ್ದಾರೆ.

ಆಗ ಸಾಮಾನು ಅಂದರೆ ಗುಡಿಸಲು ಕಡ್ಡಿಯ ಹಿಡಿ, ಹೊರಲು ಹಗ್ಗದ ಕಲ್ಲಿ. ಮಾಘ, ಫಾಲ್ಗುಣದಲ್ಲಿ ಬೆಳಗಿನ ಇಬ್ಬನಿ ಆರುವ ಮೊದಲೇ ಹೆಣ್ಣುಮಕ್ಕಳು ಬೆಟ್ಟ ಹತ್ತುತ್ತಿದ್ದರು. ಇಬ್ಬನಿಗೆ ಮೆತ್ತಗಾದ ದರಕು ಪುಡಿಯಾಗದೆ ಕಲ್ಲಿಯಲ್ಲಿ ಚೆನ್ನಾಗಿ ಕೂರುತ್ತದೆ. ತಲೆಯ ಮೇಲೆ ಹೊತ್ತು ತಂದ ಆ ದರಕಿನ ಲೆಕ್ಕ ಯಾವ ಖಾತೆ ಪುಸ್ತಕದಲ್ಲೂ ಇಲ್ಲ. ನಮ್ಮ ಬಹಳಷ್ಟು ತೋಟಗಳು ನಿಂತದ್ದು ಅವರ ಕುತ್ತಿಗೆಯ ಮೇಲೆ. ಇಂದು ಆ ಕೆಲಸಕ್ಕೆ ಜನ ಬರುವುದಿಲ್ಲ ಅಂತ ಗೊಣಗುವುದು ನ್ಯಾಯವಲ್ಲ. ಯಾರಾದರೂ ಯಾಕೆ ಬರಬೇಕು? ಯಂತ್ರ ಬೇಕು ಎನ್ನುವವರ ಪರವಾಗಿ ನಾವು ಕೊಡುವ ದೊಡ್ಡ ಕಾರಣ ಇದೇ.

ಆದರೆ ಹಿಂದಿನದ್ದನ್ನೂ ಒಪ್ಪಿಕೊಳ್ಳಬೇಕು. ನಾವು ಕೆಲವರು ಸೇರಿ ಬೆನ್ನಿಗೆ ಹಾಕಿಕೊಂಡು ಗಾಳಿ ಊದುವ ಬ್ಲೋವರ್ ಒಂದನ್ನು ತಂದಿದ್ದೆವು. ಪೂಜೆಯೂ ಆಯಿತು, ಫೋಟೋವೂ ಆಯಿತು. ಎಲ್ಲರದೂ ಆದದ್ದರಿಂದ ಅದು ಯಾರದೂ ಆಗಲಿಲ್ಲ. ಆ ಇಂಜಿನ್ನಿಗೆ ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್ ಟು-ಸ್ಟ್ರೋಕ್ ಎಣ್ಣೆ ಅಳೆದು ಬೆರೆಸಬೇಕಿತ್ತು. ಒಬ್ಬರು ಕಣ್ಣಂದಾಜಿಗೆ ಹಾಕಿದರು, ಇನ್ನೊಬ್ಬರು ಹಾಕಲೇ ಇಲ್ಲ. ಗಾಳಿಯ ಫಿಲ್ಟರ್ ಬಿಚ್ಚಿ ನೋಡಿದವರಿಲ್ಲ. ಮಳೆಗಾಲದಲ್ಲಿ ಯಾರದೋ ಕೊಟ್ಟಿಗೆಯ ಮೂಲೆಯಲ್ಲಿ ಕೂತಿತು. ನವರಾತ್ರಿ ಕಳೆದು ತೆಗೆದರೆ ಒಳಗೆಲ್ಲ ತುಕ್ಕು. ತಪ್ಪು ಮಾರಿದವರದ್ದಲ್ಲ, ನಮ್ಮದೇ.

ಈಗಿನ ಕಾಲಕ್ಕೆ ಇನ್ನೊಂದು ಎಚ್ಚರವೂ ಬೇಕು. ನಮ್ಮ ಬಂಕುಗಳ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಇದೆ. ಎಥೆನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಮಲೆನಾಡಿನ ನಾಲ್ಕು ತಿಂಗಳ ಮಳೆಯಲ್ಲಿ ಟ್ಯಾಂಕಿನಲ್ಲಿ ಪೆಟ್ರೋಲ್ ಬಿಟ್ಟರೆ ಗತಿ ಏನು ಎಂದು ಬೇರೆ ಹೇಳಬೇಕಿಲ್ಲ.

ಹಾಗಾದರೆ ಏನು ಮಾಡಬೇಕು? ನಮ್ಮ ಅಭಿಪ್ರಾಯ ಇಷ್ಟು. ಎಳೆಯುವ ಹೀರುಗಾಡಿ ಸಮತಟ್ಟಾದ ಅಂಗಳದ್ದು. ನಮ್ಮ ಇಳಿಜಾರು ಬೆಟ್ಟದಲ್ಲಿ ಅದು ಟ್ರ್ಯಾಕ್ಟರನ್ನೂ ಎಳೆದುಕೊಂಡು ಮಗುಚೀತು. ಶಾಲೆಯ ಮೈದಾನ, ದೇವಸ್ಥಾನದ ಅಂಗಳಕ್ಕೆ ಅಷ್ಟು ದುಡ್ಡು ಹಾಕುವುದು ಹೆಚ್ಚಾಯಿತು. ಬೆನ್ನಿನ ಬ್ಲೋವರ್ ಎರಡು ಸಾಕು. ಆದರೆ ಅದನ್ನು ನೋಡಿಕೊಳ್ಳಲು ಒಬ್ಬನೇ ಮನುಷ್ಯ ಇರಬೇಕು, ಅವನಿಗೆ ಸಂಬಳ ಇರಬೇಕು. ಒಯ್ದ ದಿನ, ನಡೆದ ತಾಸು, ಹಾಕಿದ ಎಣ್ಣೆ ಪುಸ್ತಕದಲ್ಲಿ ಬರೆಯಬೇಕು. ಬಾಡಿಗೆಯಲ್ಲಿ ಒಂದು ಪಾಲು ರಿಪೇರಿ ನಿಧಿಗೆ ಹೋಗಬೇಕು. ಮಳೆಗಾಲಕ್ಕೆ ಮೊದಲು ಟ್ಯಾಂಕ್ ಬರಿದು ಮಾಡಿ, ಒರೆಸಿ, ಗೋದಾಮಿನಲ್ಲಿ ಹಲಗೆಯ ಮೇಲೆ ಇಡಬೇಕು. ಇಂಜಿನ್ ನಿಲ್ಲಿಸದೆ, ಪ್ಲಗ್ಗಿನ ತಂತಿ ಕೀಳದೆ ಯಾರೂ ಒಳಗೆ ಕೈ ಹಾಕಬಾರದು.

ಮತ್ತೊಂದು ಮಾತು. ಕಡ್ಡಿಯ ಹಿಡಿ ಎಷ್ಟು ಗುಡಿಸಿದರೂ ನೆಲಕ್ಕೆ ಸ್ವಲ್ಪ ಬಿಡುತ್ತಿತ್ತು. ಯಂತ್ರ ಬಿಡುವುದಿಲ್ಲ, ಮೇಲ್ಮಣ್ಣನ್ನೂ ಹಾರಿಸುತ್ತದೆ. ಬೆಟ್ಟದ ಮೂರರಲ್ಲಿ ಒಂದು ಪಾಲನ್ನು ಪ್ರತಿ ವರ್ಷ ಸರದಿಯ ಮೇಲೆ ಗುಡಿಸದೆ ಬಿಡೋಣ. ಸಸಿ ಏಳಲಿ, ನೀರು ಇಂಗಲಿ. ಸದ್ದಿನ ವಿಚಾರವೂ ಇದೆ. ಕ್ಯಾಲಿಫೋರ್ನಿಯಾದ ಕಾರ್ಮೆಲ್ ಎಂಬ ಪುಟ್ಟ ಊರು 1975ರಲ್ಲೇ ಬ್ಲೋವರನ್ನು ನಿಷೇಧಿಸಿತು. ನಾವು ನಿಷೇಧಿಸುವುದು ಬೇಡ, ಶಾಲೆಯ ಹೊತ್ತಿನಲ್ಲಿ ಊರ ನಡುವೆ ಹಚ್ಚದಿದ್ದರೆ ಸಾಕು.

1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಹಕಾರ ಸಂಘ ಹುಟ್ಟಿದಂದಿನಿಂದ ಸಹಕಾರಿಗಳಿಗೆಲ್ಲ ಗೊತ್ತಿರುವ ಮಾತು ಒಂದಿದೆ. ಸಾಲ ಮಂಜೂರು ಮಾಡುವುದು ಒಂದು ಠರಾವಿನ ಕೆಲಸ, ವಸೂಲಿ ವರ್ಷವಿಡೀ ಕೆಲಸ. ಯಂತ್ರವೂ ಹಾಗೇ. ಕೊಳ್ಳುವುದು ಒಂದು ದಿನ, ಸಾಕುವುದು ದಿನಾ. ಸಾಕುವ ಮನುಷ್ಯನನ್ನು ಮೊದಲು ಗೊತ್ತುಮಾಡಿ, ಆಮೇಲೆ ಯಂತ್ರಕ್ಕೆ ದುಡ್ಡು ಕೊಡಿ ಎಂದು ಮುಂದಿನ ಸಭೆಗೆ ನಮ್ಮ ವಿನಂತಿ. ಸಂಘ ಬೆಳೆಯಲಿ, ಬೆಟ್ಟ ಉಳಿಯಲಿ.